ಇನ್ನೊಂದು ಕೋಟ್ ಬಾಕಿ ಇದೆ

"ಈ ಗೀರುಗಳನ್ನ ಹಾಕಿದ್ದು ನಿಮ್ಮವರೇ ಅಲ್ವಾ?"

ಅವಳು ಪಾಲಿಶಿಂಗ್ ಮೆಷಿನ್ ನಿಲ್ಲಿಸಿ ತಲೆ ಎತ್ತಿದಳು. ಶೆಡ್ಡಿನ ಬಾಗಿಲಲ್ಲಿ ಕಪ್ಪು ಕಾರೊಂದು ನಿಂತಿತ್ತು. ಅದರ ಮುಂದೆ ಇಸ್ತ್ರಿ ಮಾಡಿದ ಅಂಗಿಯ, ಕನ್ನಡಕದ ಒಬ್ಬ ಯುವಕ. ಮುಖದ ತುಂಬ ಸಿಟ್ಟು.

ಅವಳಿಗೆ ಗುರುತು ಸಿಕ್ಕಿತು. ಪಕ್ಕದ ಬೀದಿಯ ಕನ್ನಡಕದಂಗಡಿಯವನು. ಕಣ್ಣು ಪರೀಕ್ಷೆಯನ್ನೂ ತಾನೇ ಮಾಡುತ್ತಾನೆ. ಹೋದ ವಾರ ಕಾರು ತೊಳೆಯಲು ಇಲ್ಲಿ ಬಿಟ್ಟಿದ್ದನಂತೆ. ಇವತ್ತು ಬಿಸಿಲಲ್ಲಿ ನೋಡಿದರೆ ಮೈಯೆಲ್ಲ ದುಂಡುದುಂಡು ಗೀರು.

ಶೆಡ್ಡಿನ ಒಡೆಯ ಅವಳ ಚಿಕ್ಕಪ್ಪ. ಗಿರಾಕಿ ದನಿ ಏರಿಸಿದರೆ ಅವನ ನಾಲಿಗೆ ಒಣಗುತ್ತಿತ್ತು. ಅವನು ಮೆಲ್ಲಗೆ ಟೈರುಗಳ ಹಿಂದೆ ಸರಿದುಕೊಂಡ.

ಅವಳು ಕೈದೀಪ ತಂದು ಬಾನೆಟ್ಟಿನ ಮೇಲೆ ಓರೆಯಾಗಿ ಹಿಡಿದಳು. ಕಪ್ಪು ಬಣ್ಣದ ಮೇಲೆ ಜೇಡರ ಬಲೆ ಹರಡಿದಂತೆ ಸಾವಿರಾರು ಸಣ್ಣ ಸುಳಿಗಳು ಎದ್ದು ಕಂಡವು.

"ಒಂದು ಸಲ ತೊಳೆದ್ರೆ ಇಷ್ಟು ಬೀಳಲ್ಲ ಸರ್. ಇದು ವರ್ಷಗಟ್ಟಲೆ ಆಗಿರೋದು. ಯಾರೋ ದಿನಾ ಒಣ ಬಟ್ಟೆಯಲ್ಲಿ ಧೂಳು ಒರೆಸಿದ್ದಾರೆ. ತುಂಬಾ ಪ್ರೀತಿಯಿಂದ, ಚೆನ್ನಾಗಿ ಒತ್ತಿ."

ಕಾರಿನೊಳಗೆ ಕುಳಿತಿದ್ದ ಹಿರಿಯರು ನಿಧಾನವಾಗಿ ಇಳಿದರು.

"ನಾನೇ ಕಣೋ," ಎಂದರು ಮಗನಿಗೆ. "ಹೊಳೀಲಿ ಅಂತ ಒರೆಸ್ತಿದ್ದೆ."

ಅವನ ಸಿಟ್ಟು ಹಾಗೇ ಇಳಿದುಹೋಯಿತು. ಕಿವಿ ಕೆಂಪಾಯಿತು. ಕ್ಷಮೆಯಂಥದ್ದೇನೋ ಗೊಣಗಿ, ಪಾಲಿಶ್ ಮಾಡಿಕೊಡಲು ಎಷ್ಟು ದಿನ ಬೇಕೆಂದು ಕೇಳಿದ. ಮೂರು ದಿನ ಎಂದಳು. ಹೊರಡುವಾಗ ಅವನು ಎರಡು ಸಲ ತಿರುಗಿ ನೋಡಿದ.

'ಕಾರನ್ನ ನೋಡಿದ್ದಿರಬೇಕು...' ಎಂದುಕೊಂಡಳು ಅವಳು.

ಮೆಷಿನ್ ಇಡುವ ಮೊದಲು ಬಣ್ಣದ ದಪ್ಪ ಅಳೆಯುವುದು ಅವಳ ಪದ್ಧತಿ. ಪಾಲಿಶ್ ಎಂದರೆ ಮೇಲಿನ ಪಾರದರ್ಶಕ ಪದರವನ್ನು ಕೂದಲೆಳೆಗಿಂತ ತೆಳ್ಳಗೆ ಸವೆಸುವುದು. ಅದು ಎಷ್ಟಿದೆಯೆಂದು ತಿಳಿಯದೆ ಕೈ ಹಚ್ಚಬಾರದು. ಮರುದಿನ ಬೆಳಿಗ್ಗೆ ಮೀಟರ್ ಹಿಡಿದು ಸುತ್ತ ಬಂದಳು. ಎಲ್ಲ ಕಡೆ ನೂರು, ನೂರಹತ್ತು ಮೈಕ್ರಾನ್. ಮುಂದಿನ ಎಡ ಬಾಗಿಲಲ್ಲಿ ಮಾತ್ರ ಇನ್ನೂರೈವತ್ತು!

ಆ ಬಾಗಿಲಿಗೆ ಮತ್ತೆ ಬಣ್ಣ ಹೊಡೆಸಿದ್ದರು. ಹೊಡೆದವನು ಕಸುಬುದಾರ, ಬರಿಗಣ್ಣಿಗೆ ಗೊತ್ತೇ ಆಗುತ್ತಿರಲಿಲ್ಲ.

ಕಾರು ಹೇಗಾಗುತ್ತಿದೆ ನೋಡೋಣವೆಂದು ಹಿರಿಯರು ಆಗಷ್ಟೇ ಬಂದಿದ್ದರು. ಅವಳು ಸುಮ್ಮನೆ ಕೇಳಿದಳು. "ಅಂಕಲ್, ಈ ಬಾಗಿಲು ಎಲ್ಲಾದ್ರೂ ತಗುಲಿತ್ತಾ?"

ಅವರು ಮೀಟರನ್ನೇ ನೋಡುತ್ತ ನಿಂತರು. ಆಮೇಲೆ ಸ್ಟೂಲಿನ ಮೇಲೆ ಕುಸಿದು ಎಲ್ಲವನ್ನೂ ಹೇಳಿದರು.

ಮೂರು ತಿಂಗಳ ಹಿಂದೆ, ಹಾಡಹಗಲಲ್ಲಿ, ಸ್ವಂತ ಮನೆಯ ಗೇಟಿನ ಕಂಬಕ್ಕೇ ಗುದ್ದಿಸಿದ್ದರು. ಕಂಬ ಕಂಡಿರಲೇ ಇಲ್ಲ. ಎಡಗಡೆ ಇರುವುದೆಲ್ಲ ಈಚೆಗೆ ಅವರ ಕಣ್ಣಿಗೆ ಮಬ್ಬಾಗುತ್ತ ಬಂದಿತ್ತು. ಮಗ ಊರಲ್ಲಿಲ್ಲದ ವಾರ ನೋಡಿ ದುರಸ್ತಿ ಮಾಡಿಸಿದ್ದರು.

ಅವಳು ಮೀಟರ್ ಕೆಳಗಿಟ್ಟಳು. "ಈಗಲೂ ಕಾರು ಓಡಿಸ್ತೀರಾ?"

ಓಡಿಸುತ್ತಿದ್ದರು. ದಿನಾ ಮಧ್ಯಾಹ್ನ ಮಗಳ ಮಗಳನ್ನು ಶಾಲೆಯಿಂದ ಕರೆತರುವುದು ಅವರೇ.

"ಅವನಿಗೆ ಹೇಳಬೇಡಮ್ಮಾ," ಎಂದರು. "ಊರವರ ಕಣ್ಣೆಲ್ಲ ನೋಡ್ತಾನೆ. ಅಪ್ಪನ ಕಣ್ಣು ನೋಡ್ಲಿಲ್ಲವಲ್ಲ ಅಂತ ಕೊರಗ್ತಾನೆ."

ಅವಳು ಬಹಳ ಹೊತ್ತು ಯೋಚಿಸಿದಳು. ಕೊನೆಗೆ ಹೇಳುವುದಿಲ್ಲವೆಂದು ಮಾತು ಕೊಟ್ಟು, ಮೂರು ಷರತ್ತು ಹಾಕಿದಳು. ಕಣ್ಣಿನ ಆಸ್ಪತ್ರೆಗೆ ಹೋಗಬೇಕು. ಡಾಕ್ಟರು ಏನೆನ್ನುತ್ತಾರೋ ತಿಳಿದ ದಿನವೇ ಮಗನಿಗೆ ತಾವೇ ಹೇಳಬೇಕು. ಅಲ್ಲಿಯವರೆಗೆ ಕಾರಿನ ಕೀಲಿ ಅವಳ ಹತ್ತಿರವೇ ಇರಬೇಕು.

ಡಾಕ್ಟರು ಸಿಗುವುದು ಎರಡು ವಾರದ ನಂತರ ಎಂದು ಅವರಿಬ್ಬರಿಗೂ ಆಗ ಗೊತ್ತಿರಲಿಲ್ಲ.

ಸಂಜೆ ಅಂಗಡಿಗೆ ಬೀಗ ಹಾಕಿ ಮಗ ಬಂದ. ಅವಳು ಬಾನೆಟ್ಟಿನ ಮೇಲೆ ಕೆಲಸ ಮಾಡುತ್ತಿದ್ದಳು. ಫೋಮ್ ಪ್ಯಾಡಿಗೆ ನಾಲ್ಕು ಹನಿ ಪಾಲಿಶ್ ಕಾಂಪೌಂಡ್, ಒಂದೊಂದು ಮೊಳ ಜಾಗ, ಅಡ್ಡ ನಾಲ್ಕು ಸಲ, ಉದ್ದ ನಾಲ್ಕು ಸಲ. ಬಟ್ಟೆಯಲ್ಲಿ ಒರೆಸಿದಾಗ ಸುಳಿಗಳು ಹೋಗಿ ಕೊಳದಂಥ ಕಪ್ಪು ತೇಲಿ ಬಂತು. ಅದರಲ್ಲಿ ಅವನ ಮುಖವೂ ಕಂಡಿತು.

ಅವನು ಬಾಗಿ ನೋಡಿದ. ಆಮೇಲೆ ಮಾತು ತಾನಾಗಿ ಬಂತು. ಗೀರು ಬಿದ್ದ ಕನ್ನಡಕವನ್ನೂ ಹೀಗೇ ಉಜ್ಜಿಕೊಡಿ ಎಂದು ಜನ ಕೇಳುತ್ತಾರಂತೆ. ಹಾಗೆ ಉಜ್ಜಿದರೆ ಪ್ರಪಂಚವೇ ಸೊಟ್ಟಗೆ ಕಾಣುತ್ತದೆ ಎಂದು ಹೇಳಿ ಕಳಿಸುತ್ತಾನಂತೆ. ಅವಳು ನಕ್ಕಳು. ತಾನು ಮೆಷಿನ್ ಹಿಡಿದು ಆರು ವರ್ಷವಾಯಿತೆಂದೂ, ಹೆಂಗಸಿನ ಕೈಗೆ ಕಾರು ಕೊಡುವುದಿಲ್ಲ ಎಂದು ಹಿಂದಿರುಗಿ ಹೋದವರೂ ಇದ್ದಾರೆಂದೂ ಹೇಳಿದಳು.

ನಾಲ್ಕನೇ ದಿನ ಸಂಜೆ ಅವನು ಕಾರು ಕೇಳಿದ.

"ಇನ್ನೊಂದು ಕೋಟ್ ಬಾಕಿ ಇದೆ," ಎಂದಳು ಮೇಣದ ಡಬ್ಬಿ ತೋರಿಸಿ. ಟೈರುಗಳ ಕಡೆಯಿಂದ ಚಿಕ್ಕಪ್ಪ ಕೆಮ್ಮಿದ.

ಐದನೇ ದಿನವೂ ಒಂದು ಕೋಟ್ ಬಾಕಿ ಇತ್ತು. ಏಳನೇ ದಿನವೂ. ವಿಚಿತ್ರವೆಂದರೆ ಅವನು ಒಮ್ಮೆಯೂ ಗೊಣಗಲಿಲ್ಲ. ಬರುವಾಗ ಮೂರು ಲೋಟ ಟೀ ತರುತ್ತಿದ್ದ. ಒಂದು ದಿನ ಅವಳ ಕೆಂಪೇರಿದ ಕಣ್ಣು ಕಂಡು, ಮರುದಿನ ಧೂಳು ತಡೆಯುವ ಹಗುರವಾದ ಕನ್ನಡಕ ತಂದ. ತಾನೇ ಅವಳ ಕಿವಿಯ ಹಿಂದೆ ಕಡ್ಡಿಗಳನ್ನು ಸರಿಪಡಿಸಿದ. ಆ ಅರೆಕ್ಷಣ ಅವಳು ಉಸಿರಾಡಲಿಲ್ಲ.

'ಇಷ್ಟು ಒಳ್ಳೆಯವನಿಗೆ ದಿನಾ ಸುಳ್ಳು ಹೇಳ್ತಿದ್ದೀನಲ್ಲಾ...'

ಅಂತೂ ಆಸ್ಪತ್ರೆಯ ದಿನ ಬಂತು. ಹಿರಿಯರಿಗೆ ಒಬ್ಬರೇ ಹೋಗಲು ಧೈರ್ಯವಿರಲಿಲ್ಲ. ಅವಳು ರಜೆ ಹಾಕಿ ಅವರೊಡನೆ ಬಸ್ಸು ಹತ್ತಿದಳು. ಕಣ್ಣಿನ ಒತ್ತಡ ಏರಿದೆ, ಹೋದ ದೃಷ್ಟಿ ಬಾರದು, ಆದರೆ ಹನಿ ಔಷಧಿ ತಪ್ಪಿಸದಿದ್ದರೆ ಉಳಿದದ್ದನ್ನು ಕಾಪಾಡಬಹುದು ಎಂದರು ಡಾಕ್ಟರು. ಹಿರಿಯರು ಅವಳ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡು ಕೂತಿದ್ದರು.

ಆದರೆ ಅದೇ ಮಧ್ಯಾಹ್ನ ಮಗ ಶೆಡ್ಡಿಗೆ ಬಂದಿದ್ದ. ಚಿಕ್ಕಪ್ಪನಿಗೆ ಸುಳ್ಳು ಹೇಳಲು ಬರುವುದಿಲ್ಲ. ಕೇಳಿದ್ದಕ್ಕೆಲ್ಲ ಉತ್ತರ ಕೊಟ್ಟುಬಿಟ್ಟಿದ್ದ.

ಅವಳು ಮರಳಿದಾಗ ಅವನು ಕಾರಿಗೆ ಒರಗಿ ನಿಂತಿದ್ದ.

"ಕೆಲಸ ಮುಗಿದು ಹನ್ನೊಂದು ದಿನ ಆಯ್ತಂತೆ."

"ಹೌದು."

"ಅಪ್ಪನ ಕಣ್ಣಿನ ವಿಷಯ ಮೊದಲಿಂದ್ಲೂ ಗೊತ್ತಿತ್ತಂತೆ."

"ಅವರು ಇವತ್ತು ನಿಮಗೆ ಹೇಳ್ತೀನಿ ಅಂತ..."

"ನಾನೊಬ್ಬ ಪೆದ್ದ." ಅವನ ದನಿ ಒಡೆಯಿತು. "ಬೇಕಂತಲೇ ಕೆಲಸ ಎಳೀತಿದ್ದೀರಿ ಅಂತ ನನಗೂ ಗೊತ್ತಾಗ್ತಿತ್ತು. ನನಗೋಸ್ಕರ ಎಳೀತಿದ್ದೀರಿ ಅಂದ್ಕೊಂಡಿದ್ದೆ."

ಅವಳು ಕೀಲಿಯನ್ನು ಅವನ ಅಂಗೈಯಲ್ಲಿಟ್ಟಳು. ಕಾರು ಬೀದಿಯ ತಿರುವಿನಲ್ಲಿ ಮರೆಯಾಯಿತು.

ಆಮೇಲಿನ ನಾಲ್ಕು ದಿನ ಅವಳ ಮನಸ್ಸು ನೆಲೆ ನಿಲ್ಲಲಿಲ್ಲ. ಯಾರದೋ ಬಿಳಿ ಕಾರಿನ ಅಂಚಿನಲ್ಲಿ ಮೆಷಿನ್ ನಿಂತಲ್ಲೇ ನಿಂತು ಬಣ್ಣ ಸುಟ್ಟಿತು. ಆರು ವರ್ಷದಲ್ಲಿ ಮೊದಲ ಸಲ! ಚಿಕ್ಕಪ್ಪ ಏನೂ ಅನ್ನದೆ ಮೆಷಿನನ್ನು ಅವಳ ಕೈಯಿಂದ ತೆಗೆದುಕೊಂಡ. ಅವಳು ಗೋಡೆಗೆ ಮುಖ ಮಾಡಿ ಅತ್ತಳು. ಹಿರಿಯರಿಗೆ ಕೊಟ್ಟ ಮಾತು ತಪ್ಪಲ್ಲ, ಅವನಿಗೆ ಹೇಳಿದ ಸುಳ್ಳು ಸರಿಯಲ್ಲ. ಎರಡರ ನಡುವೆ ಅವಳು ನವೆದುಹೋಗಿದ್ದಳು.

ಐದನೇ ದಿನ ಸಂಜೆ ಕಪ್ಪು ಕಾರು ಶೆಡ್ಡಿನ ಮುಂದೆ ಬಂದು ನಿಂತಿತು. ಓಡಿಸುತ್ತಿದ್ದವನು ಅವನು. ಹಿರಿಯರು ಪಕ್ಕದ ಸೀಟಿನಿಂದ ಇಳಿದು, ಹಿಂದಿನ ಬಾಗಿಲು ತೆರೆದು ಕೂತರು.

"ನೀನು ಮುಂದೆ ಕೂತ್ಕೋಮ್ಮಾ, ಮನೆಗೆ ಊಟಕ್ಕೆ ಹೋಗೋಣ," ಎಂದರು. "ನನಗೆ ಎಡಗಡೆ ಸರಿಯಾಗಿ ಕಾಣಲ್ಲ. ನೀವಿಬ್ಬರೂ ಏನು ಮಾತಾಡ್ಕೊಂಡ್ರೂ ನಾನು ನೋಡಲ್ಲ."

ಚಿಕ್ಕಪ್ಪ ಜೋರಾಗಿ ನಕ್ಕುಬಿಟ್ಟ.

ಅವನು ಮಾತ್ರ ನಗಲಿಲ್ಲ. ಅವಳ ಹತ್ತಿರ ಬಂದು ತಗ್ಗಿದ ದನಿಯಲ್ಲಿ ಹೇಳಿದ. ಅಪ್ಪ ಎಲ್ಲವನ್ನೂ ಹೇಳಿದ್ದರು. ಆ ಎರಡು ವಾರ ಮಗುವನ್ನು ಶಾಲೆಯಿಂದ ನಡೆಸಿಕೊಂಡೇ ಕರೆತಂದಿದ್ದರು. ಕೀಲಿ ಮನೆಯಲ್ಲಿದ್ದಿದ್ದರೆ ಏನಾಗುತ್ತಿತ್ತೋ ಎಂದು ನೆನೆದರೆ ಅವನಿಗೆ ನಿದ್ದೆ ಬರುತ್ತಿರಲಿಲ್ಲ.

"ಸಿಟ್ಟು ನಿಮ್ಮ ಮೇಲಲ್ಲ. ಒಂದೇ ಮನೇಲಿದ್ದು ಅಪ್ಪನ ಕಣ್ಣು ನೋಡದ ನನ್ನ ಮೇಲೆ. ಅದನ್ನ ನಿಮ್ಮ ಮೇಲೆ ಹಾಕಿಬಿಟ್ಟೆ."

"ನಂದೂ ತಪ್ಪಿದೆ," ಎಂದಳು. "ನಿಮಗೆ ಹೇಳಿ ಅಂತ ಅವರನ್ನ ಇನ್ನೂ ಮೊದಲೇ ಒತ್ತಾಯ ಮಾಡಬೇಕಿತ್ತು."

ಅವನು ಕನ್ನಡಕ ತೆಗೆದು ಒರೆಸಿಕೊಂಡ.

"ಒಂದು ಕೇಳ್ಲಾ?" ಅವನು ತಡವರಿಸಿದ. "ಅಷ್ಟು ದಿನ ಕಾರು ನಿಲ್ಲಿಸ್ಕೊಂಡಿದ್ದು... ಬರೀ ಅಪ್ಪನಿಗೋಸ್ಕರನಾ?"

ಅವಳ ಕಣ್ಣು ತುಂಬಿ ಬಂತು. ಆದರೂ ಈ ಸಲ ನಿಜವನ್ನೇ ಹೇಳಬೇಕೆಂದು ಮನಸ್ಸು ಗಟ್ಟಿ ಮಾಡಿಕೊಂಡಳು.

"ಕೀಲಿ ಇಟ್ಕೊಂಡಿದ್ದು ಅಂಕಲ್‌ಗೋಸ್ಕರ," ಎಂದಳು. "ಆದ್ರೆ ಸಂಜೆ ಆಗ್ತಿದ್ದ ಹಾಗೆ ಕೈಯ ಮಸಿ ಉಜ್ಜಿ ತೆಗೆದು, ಮುಖ ತೊಳ್ಕೊಂಡು ಬಾಗಿಲು ನೋಡ್ತಿದ್ದೆನಲ್ಲ... ಅದು ಅಂಕಲ್‌ಗೋಸ್ಕರ ಅಲ್ಲ."

ಅವನ ಮುಖ ಅರಳಿತು. ಕೈ ಚಾಚಿದ. ಅವಳು ತನ್ನ ಕೈಯನ್ನು ಅದರಲ್ಲಿಟ್ಟಳು.

"ನಾಳೆ ಸಂಜೆನೂ ಬರ್ತೀನಿ," ಎಂದ. "ಕಾರಿಲ್ಲದೆ."

"ಬನ್ನಿ. ಮುಖ ತೊಳ್ಕೊಂಡಿರ್ತೀನಿ."