ಒಂದೇ ಗಿಡದ ಕೆಳಗೆ ಕೆಸರು

ಏಣಿಯ ಎಡಗಾಲು ಮಣ್ಣಿನೊಳಗೆ ಇಳಿಯುತ್ತಿರುವುದು ಶೈಲಜಾಳಿಗೆ ಮೊದಲು ಗೊತ್ತಾಗಲಿಲ್ಲ. ಚಿಕ್ಕು ಕೀಳಲು ಕೈ ಚಾಚಿದವಳಿಗೆ ಟೊಂಗೆಯೇ ದೂರ ಸರಿದಂತೆ ಅನಿಸಿತು. ಆಮೇಲೆ ಇಡೀ ಏಣಿ ಒಂದು ಕಡೆ ವಾಲಿತು. ಹುಡುಗಿ ಚುರುಕು, ಬೀಳುವ ಮೊದಲೇ ಜಿಗಿದಳು. ಜಿಗಿದದ್ದೇನೋ ಸರಿ, ಆದರೆ ಇಳಿದದ್ದು ಪಾದ ಮುಳುಗುವ ಎರೆಮಣ್ಣಿನಲ್ಲಿ. ಒಂದು ಚಪ್ಪಲಿ ಅಲ್ಲೇ ಸಿಕ್ಕಿಕೊಂಡಿತು.

"ಏನ್ರಿ ಇದು? ನಿಚ್ಚಣಕಿ ಮಾಡೀರೋ, ಮಂದೀನ ಕೆಡವಾಕ ಮಷೀನ್ ಮಾಡೀರೋ?"

ಆ ಏಣಿಯನ್ನು ಮಾನ್ವಿಯ ತನ್ನ ವೆಲ್ಡಿಂಗ್ ಅಂಗಡಿಯಲ್ಲಿ ಮಾಡಿ, ಅದೇ ಬೆಳಿಗ್ಗೆ ತನ್ನ ಮೂರು ಗಾಲಿಯ ಟಂಟಂನಲ್ಲಿ ಹಾಕಿಕೊಂಡು ಅವಳ ಊರು ಕುರ್ಡಿಗೆ ಬಂದಿದ್ದ ಉದಯಕುಮಾರ ಅವಳನ್ನು ಒಮ್ಮೆ ತಲೆಯಿಂದ ಕಾಲತನಕ ನೋಡಿದ. ಪೆಟ್ಟಾಗಿಲ್ಲ ಎಂದು ಖಾತ್ರಿಯಾದ ಮೇಲೆ ಮೊಣಕಾಲೂರಿ ಕುಳಿತು, ಏಣಿಯ ಕಾಲು ಮಾಡಿದ ತೂತಿನೊಳಗೆ ಕೈ ಇಳಿಸಿದ.

"ಗೇಣು ಮಿಕ್ಕಿ ಹೋಗ್ಯದ," ಎಂದ, ಮಣ್ಣಿಗೇ ಹೇಳುವವನಂತೆ.

"ನಾ ಇಲ್ಲಿ ಬಿದ್ದೀನಿ, ನೀವು ತೂತು ನೋಡಾಕತ್ತೀರಿ."

"ನೀವು ಬಿದ್ದಿಲ್ರಿ, ಜಿಗಿದೀರಿ. ನಾ ನೋಡೀನಿ."

ಅವಳಿಗೆ ಮೈಯೆಲ್ಲ ಉರಿಯಿತು. ಸಿಕ್ಕಿಕೊಂಡ ಚಪ್ಪಲಿಯನ್ನು ಕಿತ್ತು, ಅವನ ಅಂಗಿಗೂ ಒಂದೆರಡು ಹನಿ ಹಾರುವಂತೆ ಕೆಸರು ಕೊಡವಿದಳು.

ಈ ಏಣಿಯ ತಲೆನೋವು ಶುರುವಾದದ್ದು ಅಮೀರ್ ಸಾಬರಿಂದ. ಮಾನ್ವಿ, ದೇವದುರ್ಗದ ಸುತ್ತಲಿನ ತೋಟಗಳ ಫಸಲನ್ನು ಗುತ್ತಿಗೆ ಹಿಡಿದು ರಾಯಚೂರಿನ ಮಾರ್ಕೆಟ್ಟಿಗೆ ಹಣ್ಣು ಕಳಿಸುವ ವ್ಯಾಪಾರಿ ಅವರು. ಹೋದ ವರ್ಷ ದೇವದುರ್ಗದ ಕಡೆಯ ತೋಟವೊಂದರಲ್ಲಿ, ಹಣ್ಣು ಕೀಳುವ ರಂಜಾನಬಿ ಬಿದಿರಿನ ಏಣಿ ವಾಲಿ ಬಿದ್ದು ಸೊಂಟ ಮುರಿದುಕೊಂಡಿದ್ದಳು. ಕಾಲುವೆ ನೀರಿನಿಂದ ಸುತ್ತೆಲ್ಲ ಭತ್ತ ಬೆಳೆಯುತ್ತಾರೆ. ನಡುವಿನ ತೋಟಗಳ ಮಣ್ಣು ಒಣಗುವುದೇ ಇಲ್ಲ. ಇಂಥ ಮೆತ್ತನೆ ಮಣ್ಣಿನಲ್ಲಿ ಅಲ್ಲಾಡದೆ ನಿಲ್ಲುವ ಏಣಿ ಮಾಡಿಕೊಟ್ಟರೆ ತನ್ನ ಎಲ್ಲ ತೋಟಗಳಿಗೂ ಅವನಿಂದಲೇ ಮಾಡಿಸುತ್ತೇನೆ ಎಂದು ಉದಯಕುಮಾರನಿಗೆ ಸಾಬರು ಮಾತು ಕೊಟ್ಟಿದ್ದರು. ಪರೀಕ್ಷೆಗೆ ಆರಿಸಿದ್ದು ಶೈಲಜಾಳ ತಂದೆ ಶಂಭುಲಿಂಗಪ್ಪನ ಚಿಕ್ಕು ತೋಟ.

ಉದಯಕುಮಾರ ಮಲ್ಲಟದವನು. ಅಪ್ಪನ ಹೊಲ ಬಿಟ್ಟು ಅಂಗಡಿ ಹಾಕಿ ಇನ್ನೂ ಬಹಳ ದಿನ ಆಗಿರಲಿಲ್ಲ. ಅಲ್ಲಿಯತನಕ ಮಾಡಿದ್ದು ಬರೀ ಗೇಟು ಮತ್ತು ಕಿಟಕಿಯ ಗ್ರಿಲ್ಲು. ಈ ಏಣಿ ನಿಂತರೆ ಅವನ ಹೆಸರೂ ನಿಲ್ಲುತ್ತಿತ್ತು.

ಎರಡನೆಯ ಸಲ ಬಂದಾಗ ಏಣಿಗೆ ಮೂರು ಕಾಲುಗಳಿದ್ದವು. ಒಂದೊಂದು ಕಾಲಿನ ಕೆಳಗೂ ರೊಟ್ಟಿಯಷ್ಟು ಅಗಲದ ಕಬ್ಬಿಣದ ತಟ್ಟೆ.

"ಮೊದ್ಲು ಕೆಳಗಿನ ಪಾವಟಿಗಿ ಮ್ಯಾಲ ನಿಂತು ತುಳೀರಿ," ಎಂದ. "ಎಷ್ಟು ಇಳೀಬೇಕೋ ಅಷ್ಟು ಇಳೀಲಿ. ಅದು ಇಳಿದು ನಿಂತ ಮ್ಯಾಲ ನೀವು ಏರ್ರಿ. ಅವಸರ ಮಾಡಬ್ಯಾಡ್ರಿ."

ಅವಸರ ಮಾಡಬೇಡ ಎನ್ನುವ ಮಾತನ್ನು ಶೈಲಜಾ ಹುಟ್ಟಿದಾಗಿನಿಂದ ಕೇಳುತ್ತ ಬಂದಿದ್ದಳು. ಯಾರ ಮಾತನ್ನೂ ಕೇಳಿರಲಿಲ್ಲ. ಈಗ ಮಾತ್ರ ಕೆಳಗಿನ ಮೆಟ್ಟಿಲ ಮೇಲೆ ನಿಂತು ವಿಧೇಯಳಾಗಿ ತುಳಿದಳು. ತಟ್ಟೆಗಳು ಸ್ವಲ್ಪ ಒಳಗಿಳಿದು ನಿಂತವು. ಮೇಲೇರಿದಳು. ಏಣಿ ಅಲ್ಲಾಡಲಿಲ್ಲ.

ಮೇಲಿನಿಂದ ನೋಡಿದರೆ ಅವನ ದಟ್ಟ ಕೂದಲು, ಅದರಲ್ಲಿ ಸಿಕ್ಕಿದ ಒಣ ಎಲೆ, ಏಣಿಯನ್ನು ಹಿಡಿದ ಎರಡು ಕೈ. ಹಿಡಿಯುವ ಅಗತ್ಯವೇ ಇರಲಿಲ್ಲ. ಆದರೂ ಹಿಡಿದಿದ್ದ, ತಲೆ ಮಾತ್ರ ಎತ್ತಲಿಲ್ಲ.

"ಮ್ಯಾಲ ನೋಡ್ರಿ, ಅಲ್ಲಾಡವಲ್ದು."

"ನನಗ ಕೆಳಗ ನೋಡೂದ ಕೆಲಸ್ರಿ."

ಅವಳು ಒಂದು ಕಾಯಿ ಚಿಕ್ಕು ಕಿತ್ತು ಕೈಬಿಟ್ಟಳು. ಅದು ಅವನ ಹೆಗಲಿಗೆ ಬಡಿಯಿತು. ಆಗ ತಲೆ ಎತ್ತಿದ. ಸಿಟ್ಟು ಬಂದಿರಬೇಕು ಎಂದು ಅವಳು ಕಾದಳು. ಅವನ ಕಣ್ಣಲ್ಲಿ ಸಿಟ್ಟಿರಲಿಲ್ಲ, ತುಟಿಯ ಒಂದು ಮೂಲೆಯಲ್ಲಿ ನಗು ಹೊರಗೆ ಬರಲೋ ಬೇಡವೋ ಎಂದು ನಿಂತಿತ್ತು.

"ಕೈ ಜಾರ್ತು," ಎಂದಳು.

"ನಿಚ್ಚಣಕಿ ಜಾರಲಿಲ್ಲ ನೋಡ್ರಿ, ಅಷ್ಟ ಸಾಕು." ಅವನು ಏಣಿ ಬಿಟ್ಟು ಕೈ ಒರೆಸಿಕೊಂಡ. "ಮುಗೀತ್ರಿ. ಅಮೀರ್ ಸಾಬ್ರು ಬಂದು ನೋಡಿದ್ರ ಆತು. ಇನ್ನ ನನಗ ಇಲ್ಲಿ ಕೆಲಸಿಲ್ಲ."

ಅವನು ಸಂತೋಷದಿಂದಲೇ ಹೇಳಿದ. ಅವಳು ಇನ್ನೊಂದು ಚಿಕ್ಕುವಿಗೆ ಚಾಚಿದ್ದ ಕೈಯನ್ನು ಹಿಂದೆ ತೆಗೆದಳು.

ಅಂದು ಸಂಜೆ ಶೈಲಜಾಳಿಗೆ ಎಲ್ಲೂ ನಿಲ್ಲಲಾಗಲಿಲ್ಲ. ಒಲೆಯ ಮುಂದೆ ಕುಳಿತಳು, ಎದ್ದಳು. ಮೊಬೈಲ್ ತೆಗೆದಳು, ಇಟ್ಟಳು. ಅಂಗಳ ಗುಡಿಸಿದ್ದನ್ನೇ ಮತ್ತೆ ಗುಡಿಸಿದಳು. "ಏನು ಕಳಕೊಂಡೀಯೇ?" ಎಂದು ಅವ್ವ ಕೇಳಿದ್ದಕ್ಕೆ "ಏನಿಲ್ಲ" ಎಂದು ಸಿಡುಕಿದಳು. ಕಡೆಗೆ ತೋಟಕ್ಕೆ ನಡೆದಳು. ಮೂರು ಕಾಲಿನ ಏಣಿ ಅಲ್ಲೇ ನೆಟ್ಟಗೆ ನಿಂತಿತ್ತು. ಅದನ್ನು ನೋಡಿದರೆ ಅವಳಿಗೆ ಸಿಟ್ಟೇ ಬಂತು.

ನೀರಿನ ಟಾಕಿಯ ಪೈಪನ್ನು ಎಳೆದು ತಂದು ಆ ಗಿಡದ ಬುಡಕ್ಕೆ ಬಿಟ್ಟಳು. ತಾನು ಏನು ಮಾಡುತ್ತಿದ್ದೇನೆ ಎಂದು ಅವಳಿಗೆ ಚೆನ್ನಾಗಿಯೇ ಗೊತ್ತಿತ್ತು. ಹೀಗಾಗಿ ಆ ಕಡೆ ನೋಡದೆ ನಿಂತಳು.

ಬೆಳಿಗ್ಗೆ ಫೋನು ಮಾಡಿದಳು. "ನಾ ಶೈಲಜಾ ಮಾತಾಡಾಕತ್ತೀನ್ರಿ, ಕುರ್ಡಿಯಿಂದ. ನಿಮ್ಮ ನಿಚ್ಚಣಕಿ ಮತ್ತ ವಾಲ್ಯದ."

"ನೀವು ಏರಿದ್ರೇನು?"

"ಇಲ್ರಿ."

"ಏರಬ್ಯಾಡ್ರಿ. ನಾ ಬರೋತನಕ ಯಾರನ್ನೂ ಏರಿಸಬ್ಯಾಡ್ರಿ. ಈಗ ಬಂದೆ."

ಬಂದ. ಗಿಡದ ಸುತ್ತ ಒಂದು ಸುತ್ತು ಹಾಕಿದ. ಮಣ್ಣು ಮುಟ್ಟಿದ, ಆಚೆಯ ಗಿಡದ ಮಣ್ಣನ್ನೂ ಮುಟ್ಟಿ ನೋಡಿದ. ಏನೂ ಹೇಳದೆ ಏಣಿಯನ್ನು ಗಾಡಿಗೆ ಹಾಕಿಕೊಂಡು ಹೋದ. ಮರುದಿನ ಇನ್ನೂ ಅಗಲದ ತಟ್ಟೆ ಹಾಕಿಕೊಂಡು ಬಂದ. ಏಣಿ ನಿಂತಿತು. ಅವಳು ಆ ಸಂಜೆ ನೀರು ಹೆಚ್ಚು ಬಿಟ್ಟಳು. ಅವನು ಕಾಲುಗಳ ನಡುವೆ ಅಡ್ಡಪಟ್ಟಿ ಬೆಸೆದು ತಂದ. ಅವಳು ಟಾಕಿ ಅರ್ಧ ಖಾಲಿ ಮಾಡಿದಳು. ಏಣಿ ಸುಧಾರಿಸಿದಷ್ಟೂ ನೀರು ಜಾಸ್ತಿ ಬೇಕಾಗುತ್ತಿತ್ತು. ಹೀಗೇ ಹೋಗಿದ್ದರೆ ಆ ಗಿಡದ ಕೆಳಗೂ ಭತ್ತ ನಾಟಿ ಮಾಡಬಹುದಿತ್ತು.

ಬಂದ ದಿನವೆಲ್ಲ ಅವಳ ತಾಯಿ ಬಸವಂತಮ್ಮ ಅವನಿಗೆ ರೊಟ್ಟಿ ಕೊಡುತ್ತಿದ್ದಳು. ಚಟ್ನಿ ತಂದು ಹಾಕುವುದು ಶೈಲಜಾಳ ಕೆಲಸವಾಯಿತು.

"ಅಂಗಡಿ ಯಾರು ನೋಡ್ತಾರ್ರಿ?"

"ಬಾಗಲಾ ಹಾಕೀನಿ."

"ಲುಕ್ಸಾನ ಆಗಂಗಿಲ್ಲೇನು?"

"ಆಗ್ತದ," ಎಂದು ಅವನು ನೆಮ್ಮದಿಯಿಂದ ರೊಟ್ಟಿ ಮುರಿದ.

ಅವನ ಕಣ್ಣುಗಳು ಕೆಂಪಾಗಿದ್ದವು. ಹೆಬ್ಬೆರಳಿನ ಮೇಲೆ ಹೊಸ ಸುಟ್ಟ ಗಾಯ. "ಇದೇನ್ರಿ?" ಎಂದಳು. "ಹೊತ್ತಿಲ್ಲದ ಹೊತ್ತಿನಾಗ ವೆಲ್ಡಿಂಗ್ ಮಾಡಿದ್ರ ಹಿಂಗ. ಹಗಲೆಲ್ಲಾ ಇಲ್ಲೇ ಇರ್ತೀನಲ್ರಿ." ಆ ಗಾಯ ನೋಡಿ ಅವಳ ಎದೆ ಚುರುಕ್ಕೆಂದಿತು. ಇವತ್ತಿಗೆ ಸಾಕು, ಇನ್ನು ನೀರು ಬಿಡುವುದಿಲ್ಲ ಎಂದು ನಿರ್ಧಾರ ಮಾಡಿದಳು. ಆ ನಿರ್ಧಾರ ಹೊತ್ತು ಮುಳುಗುವತನಕ ಉಳಿಯಿತು.

ಮರುದಿನ ಅವಳ ಫೋನಿಗೆ ಉದಯಕುಮಾರ ಬಂದು ನಿಂತಿದ್ದನಷ್ಟೆ, ಹಿಂದೆಯೇ ಅಮೀರ್ ಸಾಬರ ಜೀಪು ಬಂತು. ಹೇಳದೆ ಕೇಳದೆ ಬಂದಿದ್ದರು. ಶಂಭುಲಿಂಗಪ್ಪನ ಜೊತೆ ನೇರ ಆ ಗಿಡದ ಹತ್ತಿರ ಬಂದರು. ಏಣಿಯ ಒಂದು ಕಾಲು ಅಡ್ಡಪಟ್ಟಿಯತನಕ ಮುಳುಗಿತ್ತು. ಸಾಬರು ಅಂಗೈಯಿಂದ ಒತ್ತಿದರು. ಅದು ಇನ್ನಷ್ಟು ವಾಲಿತು.

"ರಂಜಾನಬಿ ಇನ್ನೂ ಗ್ವಾಡಿ ಹಿಡ್ಕೊಂಡು ನಡೀತಾಳ, ಬೇಟಾ," ಎಂದರು ಮೆಲ್ಲಗೆ. ಬೈದಿದ್ದರೆ ಚೆನ್ನಾಗಿತ್ತು. "ಇದರ ಮ್ಯಾಲ ನಾ ಯಾರನ್ನ ಏರಿಸ್ಲಿ?"

ಉದಯಕುಮಾರ ಕೆಸರು ನೋಡಿದ. ಟಾಕಿಯ ಹತ್ತಿರ ಬಿದ್ದಿದ್ದ ಪೈಪು ನೋಡಿದ. ಶೈಲಜಾಳನ್ನು ನೋಡಲಿಲ್ಲ.

"ಖರೇ ಅದ್ರಿ ಸಾಬ್ರ. ತಪ್ಪು ನಂದ."

"ನಾ ರಾಯಚೂರಾಗ ರೆಡಿಮೇಡ್ ನೋಡ್ತೀನಿ ಹಂಗಾದ್ರ."

"ಆಗ್ಲಿ ರೀ."

ಅಷ್ಟೇ. ಅವನು ಬಗ್ಗಿ ಕೆಸರಿನಿಂದ ಏಣಿಯನ್ನು ಕಿತ್ತು ಹೆಗಲಿಗೇರಿಸಿದ. ಸುಮ್ಮನಿದ್ದರೆ ಶೈಲಜಾಳಿಗೆ ಏನೂ ಆಗುವುದಿಲ್ಲ. ಅವನ ಏಣಿ ನಿಲ್ಲುವುದಿಲ್ಲ ಎಂಬ ಮಾತು ಮಾತ್ರ ಮಾನ್ವಿಯಿಂದ ದೇವದುರ್ಗದತನಕ ಹೋಗುತ್ತದೆ. ಬಾಯಿ ಬಿಟ್ಟರೆ ಅಪ್ಪ ಕೇಳುವ ಮುಂದಿನ ಪ್ರಶ್ನೆ 'ಯಾಕೆ' ಎನ್ನುವುದೇ. ಅದಕ್ಕೆ ಅವಳ ಹತ್ತಿರ ಇದ್ದದ್ದು ಒಂದೇ ಉತ್ತರ.

"ಸಾಬ್ರ, ತಡೀರಿ. ನಿಚ್ಚಣಕಿದು ತಪ್ಪಿಲ್ಲ. ಆ ಗಿಡಕ್ಕ ನೀರು ಬಿಟ್ಟಾಕಿ ನಾ."

"ಏನಂದಿ?" ಎಂದ ಶಂಭುಲಿಂಗಪ್ಪ.

"ದಿನಾ ಸಂಜಿಗೆ ಬಿಟ್ಟೀನಪ್ಪಾ. ಬೇಕಂತ."

ಉದಯಕುಮಾರ ತಿರುಗಿದ. "ಹಂಗಲ್ರಿ ಸಾಬ್ರ, ಗಿಡಕ್ಕ ನೀರು ಬೇಕಾಗಿತ್ತೇನೋ, ಅದಕ್ಕ..."

ಅವಳಿಗೆ ರೇಗಿಹೋಯಿತು. ಇಷ್ಟು ಕಷ್ಟಪಟ್ಟು ಹೇಳುತ್ತಿರುವಾಗ ನಡುವೆ ಬಾಯಿ ಹಾಕುತ್ತಾನಲ್ಲ!

"ಗಿಡಕ್ಕ ಬೇಕಾಗಿರಲಿಲ್ಲ, ನನಗ ಬೇಕಾಗಿತ್ತು. ನಿಚ್ಚಣಕಿ ವಾಲಿದ್ರ ಇವರು ಬರ್ತಿದ್ರು. ನೆಟ್ಟಗ ನಿಂತ್ರ ಯಾಕ ಬರ್ತಾರ?"

ಅಮೀರ್ ಸಾಬರು ತಮ್ಮ ಬೂಟಿಗೆ ಹತ್ತಿದ ಕೆಸರನ್ನು ಬಹಳ ಗಮನವಿಟ್ಟು ನೋಡಿದರು. ಶಂಭುಲಿಂಗಪ್ಪ ಟವೆಲ್ಲಿನಿಂದ ಮುಖ ಒರೆಸಿಕೊಂಡ, ಮತ್ತೆ ಒರೆಸಿಕೊಂಡ.

"ಬರ್ರಿ ಶಂಭುಲಿಂಗಪ್ಪನೋರ," ಎಂದು ಕಡೆಗೆ ಸಾಬರೇ ಬಾಯಿಬಿಟ್ಟರು. "ಆ ಕಡೀ ಗಿಡಕ್ಕ ಹಚ್ಚಿ ನೋಡೂನು. ನೀ ಇಲ್ಲೇ ನಿಂದ್ರು ಬೇಟಾ. ನೀ ಬಂದು ಹಿಡಿದ್ರ ಅದು ಪರೀಕ್ಷಾ ಹೆಂಗಾಗ್ತದ?"

ಹಿರಿಯರಿಬ್ಬರೂ ಅವನ ಹೆಗಲಿನಿಂದ ಏಣಿಯನ್ನು ಇಳಿಸಿ ಹೊತ್ತುಕೊಂಡು ಹೋದರು. ಕೆಸರಿನ ಆ ದಂಡೆಯಲ್ಲಿ ಅವನು, ಈ ದಂಡೆಯಲ್ಲಿ ಅವಳು. ಶೈಲಜಾ ಕಾಲಿನ ಹೆಬ್ಬೆರಳಿನಿಂದ ಮಣ್ಣು ಕೆದರುತ್ತ ನಿಂತಳು.

"ಸಿಟ್ಟು ಬಂದದೇನ್ರಿ?"

"ಇಲ್ಲ."

"ಬರಬೇಕು. ನಾ ಆಗಿದ್ರ ಹೊಡೀತಿದ್ದೆ."

"ನನಗ ಮೊದಲಿಂದ ಗೊತ್ತಿತ್ತು."

ಅವಳು ತಟ್ಟನೆ ತಲೆ ಎತ್ತಿದಳು. ಅಂದು ಹೊರಗೆ ಬರಲೋ ಬೇಡವೋ ಎಂದು ನಿಂತಿದ್ದ ನಗು ಇಂದು ಪೂರ್ತಿ ಹೊರಗೆ ಬಂದಿತ್ತು.

"ಸುತ್ತೆಲ್ಲಾ ಹದಾ ಮಣ್ಣು, ಇದೊಂದ ಗಿಡದ ಬುಡಕ್ಕ ಕೆಸರು. ಒಂದ ಗಿಡಕ್ಕ ಮಳಿ ಆಗ್ತದೇನ್ರಿ?"

"ಮತ್ಯಾಕ ಬಾಯಿ ಮುಚ್ಕೊಂಡಿದ್ರಿ?"

"ಹೇಳಿದ್ರ ನೀವು ನೀರು ಬಿಡೂದು ನಿಲ್ಲಿಸ್ತಿದ್ರಿ."

ಅವಳಿಗೆ ನಗು ಬಂತು, ಅದರ ಜೊತೆಗೇ ಅಳುವೂ ಬಂತು. ಎರಡನ್ನೂ ಸಿಟ್ಟಿನಿಂದ ನುಂಗಿಕೊಂಡಳು. "ಇವತ್ತಾದ್ರೂ ಹೇಳಬೇಕಿತ್ತಲ್ಲ. ಆರ್ಡರ್ ಹೋಗಾಕತ್ತಿತ್ತು!"

"ಹೋದ್ರ ಗೇಟು ಮಾಡ್ಕೊಂಡಿರ್ತಿದ್ದೆ. ನಿಮ್ಮ ಹೆಸರು ನಾ ಹೆಂಗ ತಗೀಲಿ, ನಿಮ್ಮಪ್ಪನ ಮುಂದ?"

"ನನ್ನ ಹೆಸರು ನಾ ನೋಡ್ಕೋತೀನಿ."

"ನೋಡಿದ್ನಲ್ಲ," ಎಂದ ಅವನು. ದನಿ ತಗ್ಗಿತು. "ಮನಸಿನಾಗಿಂದು ಹೇಳೂದು ನನ್ನ ಕೈಲಿ ಆಗಿರಲಿಲ್ಲ ನೋಡು ಶೈಲಾ, ನೀ ಹೇಳಿದಿ."

'ನೀವು' ಹೋಗಿ 'ನೀ' ಬಂದದ್ದು ಅವನಿಗೆ ಗೊತ್ತಾಗಿರಲಿಲ್ಲ. ಅವಳಿಗೆ ಗೊತ್ತಾಯಿತು. ಕೆಸರು ದಾಟಿ ಆ ಕಡೆ ಹೋಗಿಬಿಡಬೇಕು ಅನಿಸಿತು. ಅಪ್ಪ ಇದ್ದಾನೆ ಎಂದು ತಡೆದುಕೊಂಡಳು.

ಆಚೆಯ ಗಿಡದ ಹತ್ತಿರ ಅಮೀರ್ ಸಾಬರು ಕೆಳಗಿನ ಮೆಟ್ಟಿಲ ಮೇಲೆ ನಿಂತು ತುಳಿದರು. ಆಮೇಲೆ ತಮ್ಮ ಭಾರದ ಮೈ ಹೊತ್ತು, ಬಿಸ್ಮಿಲ್ಲಾ ಎನ್ನುತ್ತ ಏರಿದರು. ಟೊಂಗೆಗಳ ನಡುವೆ ಅವರ ತಲೆ ಕಾಣದಾಯಿತು. ಯಾರೂ ಏಣಿ ಹಿಡಿದಿರಲಿಲ್ಲ.

"ನಿಂತದ ನೋಡ್ರಿ!" ಎಂಬ ಕೂಗು ಎಲೆಗಳೊಳಗಿನಿಂದ ಬಂತು. "ಕೆಲಸಾ ಶುರು ಮಾಡಪಾ ಉದಯಕುಮಾರ, ಎಲ್ಲಾ ತೋಟಕ್ಕೂ!"

ಶಂಭುಲಿಂಗಪ್ಪ ಮಾತ್ರ ಏಣಿಯ ಕಡೆ ನೋಡಿರಲಿಲ್ಲ. ನಿಧಾನವಾಗಿ ನಡೆದು ಬಂದು ಕೆಸರಿನ ಹತ್ತಿರ ನಿಂತ.

"ಶೈಲಾ, ಇನ್ನ ಮ್ಯಾಲೂ ನೀರು ಬಿಡ್ತೀಯೇನು?"

ಇಲ್ಲ ಎಂದು ಹೇಳಿದ್ದರೆ ಎಲ್ಲರಿಗೂ ಸಲೀಸಾಗುತ್ತಿತ್ತು. ಅವಳು ಉದಯಕುಮಾರನನ್ನು ನೋಡಿದಳು, ಆಮೇಲೆ ಅಪ್ಪನನ್ನು.

"ಇವರು ಬರದಿದ್ರ ಬಿಡ್ತೀನಿ."

ಶಂಭುಲಿಂಗಪ್ಪ ಮಗಳ ಮುಖ ನೋಡಿದ. ಆಮೇಲೆ ಉದಯಕುಮಾರನ ಕಡೆ ತಿರುಗಿದ.

"ಕೇಳಿದಿಲ್ಲೋ ತಮ್ಮಾ? ಇಷ್ಟು ನೀರಿಗೆ ನನ್ನ ಗಿಡಾ ಬೇರು ಕೊಳ್ತು ಹೋಗ್ತಾವ. ತೋಟಾ ಉಳೀಬೇಕಂದ್ರ ಮಲ್ಲಟದಿಂದ ನಿಮ್ಮ ಅಪ್ಪ ಅವ್ವನ್ನ ಕರಕೊಂಡು ಬಾ. ಕುಂತು ಮಾತಾಡೂನು."

ಅವಸರ ಮಾಡಬ್ಯಾಡ್ರಿ ಎನ್ನುತ್ತಿದ್ದ ಮನುಷ್ಯ ಹೂಂ ಎನ್ನುವುದನ್ನೂ ಮರೆತು ಟಂಟಂ ಕಡೆ ದಾಪುಗಾಲು ಹಾಕಿದ.

"ಲೇ, ಎಲ್ಲಿಗಿ?" ಎಂದ ಶಂಭುಲಿಂಗಪ್ಪ.

"ಮಲ್ಲಟಕ್ಕರೀ."

"ಈಗೇನು?"

"ಅಪ್ಪ ಈಗ ಮನ್ಯಾಗ ಅದಾನ್ರಿ," ಎಂದವನೇ ಉದಯಕುಮಾರ ಗಾಡಿ ಶುರು ಮಾಡಿದ.