ಸೋಮವಾರದ ಬಡ್ಡಿ

ನಾಲುಕುಯಿ ಮೇಡಂ ಆಡಿದ ಮಾತಿಗೆ ಸಭೆಯಲ್ಲಿದ್ದವರೆಲ್ಲ ನಕ್ಕರು. ಮುನ್ಸಾಕಾ ಕೂಡ ನಕ್ಕ. ನಗದೆ ಬೇರೆ ದಾರಿಯಿರಲಿಲ್ಲ. ಆ ನಗುವೇ ಅವನೊಳಗೆ ಮುಳ್ಳಾಗಿ ಉಳಿಯಿತು.

ಹೊರದೇಶಗಳಿಗೆ ಒಟ್ಟು ಎಷ್ಟು ಡಾಲರ್ ಸಾಲ ಬಾಕಿಯಿದೆ ಎಂದು ಹಣಕಾಸು ಮಂತ್ರಿಗಳು ಕೇಳಿದ್ದರು. ರಾಜಧಾನಿ ಲುಸಾಕಾದ ಆ ಕಚೇರಿಯಲ್ಲಿ ಅದಕ್ಕೆ ಸರಿಯಾದ ಉತ್ತರ ಬಲ್ಲವನು ಸಾಲ ವಿಭಾಗದ ಉಪನಿರ್ದೇಶಕ ಮುನ್ಸಾಕಾ ಒಬ್ಬನೇ. ವಿದ್ಯುತ್ ಕಂಪನಿ ಮಾಡಿದ ಸಾಲಕ್ಕೆ ಸರಕಾರ ಜಾಮೀನು ನಿಂತಿದೆ, ಅದನ್ನು ಸೇರಿಸಿ ಹೇಳಬೇಕೋ ಬಿಟ್ಟು ಹೇಳಬೇಕೋ ಎಂದು ಅವನು ಒಂದು ಗಳಿಗೆ ಯೋಚಿಸಿದ. ಆ ಗಳಿಗೆಯಲ್ಲೇ ನಿರ್ದೇಶಕಿ ನಾಲುಕುಯಿ ಬಾಯಿ ಹಾಕಿದ್ದಳು.

"ಸ್ವಲ್ಪ ತಾಳಿ ಸರ್. ಇವರು ಟೊಂಗಾ ಜನ. ದನ ಆಗಿದ್ರೆ ಕಣ್ಮುಚ್ಕೊಂಡು ಎಣಿಸಿಬಿಡ್ತಿದ್ರು. ಡಾಲರಿಗೆ ಕೊಂಬಿಲ್ಲ ನೋಡಿ, ಅದಕ್ಕೇ ತಡ ಆಗ್ತಿದೆ."

ಅವಳು ಲೋಜಿ ಬುಡಕಟ್ಟಿನವಳು. ಮೀನು ಹಿಡಿಯುವ ಲೋಜಿಗಳಿಗೂ ದನ ಸಾಕುವ ಟೊಂಗಾಗಳಿಗೂ ಅಜ್ಜಂದಿರ ಕಾಲದಿಂದ ಗೇಲಿಯ ನೆಂಟಸ್ತನ. ಒಬ್ಬರನ್ನೊಬ್ಬರು ಎಷ್ಟು ಬೇಕಾದರೂ ಹಂಗಿಸಬಹುದು, ಸಿಟ್ಟು ಮಾಡಿಕೊಂಡವನೇ ಸಣ್ಣವನು. ಅವಳು ಹೊಡೆದರೆ ಅದು ಹೊಡೆತವಲ್ಲ, ಪ್ರೀತಿ. ಯಾರ ಹತ್ತಿರವೂ ದೂರು ಹೇಳಿಕೊಳ್ಳಲಾಗದ ಅವಮಾನ ಅದು. "ಮೀನು ತಿನ್ನೋರಿಗೆ ದನದ ಬೆಲೆ ಏನು ಗೊತ್ತು ಮೇಡಂ" ಎಂದು ಅವನೂ ಒಂದು ಮಾತು ತಿರುಗಿಸಿದ. ಜನ ಇನ್ನಷ್ಟು ನಕ್ಕರು.

ಬರೀ ಮಾತಿನ ಲೆಕ್ಕವಾಗಿದ್ದರೆ ಅವನು ಮರೆಯುತ್ತಿದ್ದನೇನೋ. ಎರಡು ವರ್ಷದ ಹಿಂದೆ ನಿರ್ದೇಶಕರ ಹುದ್ದೆ ಖಾಲಿಯಾದಾಗ ಅದು ತನ್ನದೇ ಎಂದು ಅವನು ನಂಬಿದ್ದ. ಕೂದಲು ಕಪ್ಪಿದ್ದಾಗ ಆ ವಿಭಾಗಕ್ಕೆ ಬಂದವನು ಅಲ್ಲೇ ನರೆತಿದ್ದ. ಯಾವ ಸಾಲ ಯಾವಾಗ ತೀರಬೇಕು, ಯಾವ ದೇಶ ಎಷ್ಟು ಕಾಯುತ್ತದೆ, ಯಾವುದು ಕಾಯುವುದಿಲ್ಲ ಎಂಬುದೆಲ್ಲ ಅವನಿಗೆ ಮಕ್ಕಳ ಹೆಸರಿನಷ್ಟು ಸಲೀಸು. ಆದರೆ ಕುರ್ಚಿಗೆ ಬಂದವಳು ಬೇರೆ ಇಲಾಖೆಯ ನಾಲುಕುಯಿ. ಅಂದಿನಿಂದ ಅವನು ಬರೆದದ್ದನ್ನು ಅವಳು ಓದುತ್ತಿದ್ದಳು, ಅವನು ಹಾಕಿದ ಲೆಕ್ಕಕ್ಕೆ ಅವಳಿಗೆ ಚಪ್ಪಾಳೆ ಬೀಳುತ್ತಿತ್ತು.

ಅವನ ಅಪ್ಪ ತೀರಿಕೊಂಡಾಗಲೂ ಅವಳು ಬಿಟ್ಟಿರಲಿಲ್ಲ. ಅವನ ಊರಾದ ಮೊಂಜೆಯವರೆಗೆ ಬಂದು, ಹೆಣದ ಪಕ್ಕದ ಚಾಪೆಯ ಮೇಲೆ ಉದ್ದಕ್ಕೆ ಮಲಗಿ, "ಎರಡು ಹಸು ಕೊಡೋವರೆಗೂ ನಾನು ಏಳಲ್ಲ, ಮುದುಕನ್ನ ಹೂಳೋಕೆ ಬಿಡಲ್ಲ!" ಎಂದು ಕೂಗಿದ್ದಳು. ಸಾವಿನ ಮನೆಯಲ್ಲಿ ಹಾಗೆ ಮಾಡುವುದು ಈ ನೆಂಟರ ಹಕ್ಕು ಎಂದು ಅವನಿಗೂ ಗೊತ್ತು. ಆದರೆ ತನ್ನ ಕುರ್ಚಿ ಕಸಿದವಳು ತನ್ನ ಅಪ್ಪನ ಪಕ್ಕ ಮಲಗಿ ನಗುತ್ತಿದ್ದುದನ್ನು ಅವನಿಂದ ಮರೆಯಲಾಗಲಿಲ್ಲ.

ಇಂಥ ಹೊತ್ತಿನಲ್ಲಿ ಲಂಡನ್ನಿನಿಂದ ಅವನ ಹೆಸರಿಗೆ ಆ ಸಂದೇಶ ಬಂತು.

ದೇಶ ಹಿಂದೆ ಹೊರಗಿನ ಮಾರುಕಟ್ಟೆಯಲ್ಲಿ ಸಾಲಪತ್ರ ಮಾರಿತ್ತು. ಅದರ ಬಡ್ಡಿ ಆರು ತಿಂಗಳಿಗೊಮ್ಮೆ ಲಂಡನ್ನಿನ ಒಂದು ಬ್ಯಾಂಕಿಗೆ ಸೇರಬೇಕು, ಅವರು ಸಾಲ ಕೊಟ್ಟವರಿಗೆಲ್ಲ ಹಂಚುತ್ತಾರೆ. ಆ ಬ್ಯಾಂಕು ಇನ್ನೊಂದರ ಜೊತೆ ವಿಲೀನವಾಗಿತ್ತು. ಹಳೆಯ ಖಾತೆ ಮುಚ್ಚುತ್ತಿದ್ದೇವೆ, ಅಕ್ಟೋಬರಿನ ಬಡ್ಡಿಯನ್ನು ಹೊಸ ಖಾತೆಗೇ ಕಳಿಸಿ, ಹಳೆಯದಕ್ಕೆ ಬಂದ ಹಣ ತಿರುಗಿ ಹೋಗುತ್ತದೆ ಎಂದು ಅವರು ತಿಳಿಸಿದ್ದರು.

ಮುನ್ಸಾಕಾ ಅದನ್ನು ಓದಿ ಸುಮ್ಮನೆ ಕಿಟಕಿಯಾಚೆ ನೋಡಿದ. ಜಕರಂದಾ ಮರಗಳು ನೇರಳೆಯಾಗಿದ್ದವು. ಇಡೀ ಯೋಜನೆ ಯಾರೋ ಬಡಿಸಿಟ್ಟ ಊಟದಂತೆ ಅವನ ಮುಂದಿತ್ತು.

ಅದರ ಸೊಬಗು ಇದ್ದದ್ದು ಅವನು ಏನೂ ಮಾಡಬೇಕಾಗಿಲ್ಲ ಎಂಬುದರಲ್ಲಿ. ಕದಿಯುವುದಿಲ್ಲ, ಸುಳ್ಳು ಸಹಿ ಹಾಕುವುದಿಲ್ಲ, ಒಂದು ಅಂಕಿಯನ್ನೂ ತಿದ್ದುವುದಿಲ್ಲ. ಬಡ್ಡಿ ಕಳಿಸುವ ಆದೇಶವನ್ನು ಕಂಪ್ಯೂಟರಿಗೆ ಮೊದಲೇ ಹಾಕಿಟ್ಟಿರುತ್ತಾರೆ, ಗಡುವಿನ ದಿನ ಬೆಳಿಗ್ಗೆ ಅದು ತಾನಾಗಿ ಹೋಗುತ್ತದೆ. ಅದರಲ್ಲಿ ಖಾತೆಯ ಸಂಖ್ಯೆ ಬದಲಿಸುವ ಅಧಿಕಾರವಿರುವುದು ನಿರ್ದೇಶಕರಿಗೆ ಮಾತ್ರ. ಅವಳು ಬದಲಿಸದಿದ್ದರೆ ಹಣ ಮುಚ್ಚಿದ ಬಾಗಿಲಿಗೆ ಹೋಗಿ ಬಡಿದು ವಾಪಸಾಗುತ್ತದೆ. ತಿರುಗಿ ಬರಲು ಒಂದು ವಾರವಾದರೂ ಬೇಕು. ಅಷ್ಟರಲ್ಲಿ ಈ ದೇಶ ಬಡ್ಡಿ ಕಟ್ಟಲಿಲ್ಲ ಎಂದು ಜಗತ್ತಿನ ಪತ್ರಿಕೆಗಳೆಲ್ಲ ಬರೆದಿರುತ್ತವೆ.

ಕಾಯ್ದೆಯೂ ಅವನ ಪರವಾಗಿತ್ತು. ಹಿಂದಿನ ಸರಕಾರದ ಹಗರಣಗಳಾದ ಮೇಲೆ ಬಂದ ಕಠಿಣ ಕಾಯ್ದೆ ಅದು. ಬೇಜವಾಬ್ದಾರಿಯಿಂದ ಕಂತು ತಪ್ಪಿದರೆ, ಆ ದಿನ ನಿರ್ದೇಶಕರಾಗಿದ್ದವರೇ ಹೊಣೆ. ಕೆಳಗಿನವರು ಹೇಳಲಿಲ್ಲ, ಮೇಲಿನವರು ಕೇಳಲಿಲ್ಲ ಎಂಬ ನೆಪ ನಡೆಯುವುದಿಲ್ಲ. ಜೈಲು ಖಂಡಿತ.

ದೇಶದ ಯೋಚನೆ ಅವನಿಗೆ ಬರಲಿಲ್ಲವೆಂದಲ್ಲ. ಯಾವ ಸರಕಾರವೂ ಸಾಲವನ್ನು ಗಂಟಿನಿಂದ ತೆಗೆದು ತೀರಿಸುವುದಿಲ್ಲ. ಹೊಸ ಸಾಲ ತಂದು ಹಳೆಯದನ್ನು ಕಳೆಯುತ್ತದೆ. ಆ ಹೊಸ ಸಾಲ ಸೋವಿಯಲ್ಲಿ ಸಿಗಬೇಕಾದರೆ ಹೇಳಿದ ದಿನ ಹೇಳಿದ ಹಣ ಸೇರಿರಬೇಕು. ಡಿಸೆಂಬರಿನಲ್ಲಿ ದೊಡ್ಡ ಸಾಲವೊಂದನ್ನು ಎತ್ತುವುದಿತ್ತು. ಬಡ್ಡಿಯ ದರ ಅರ್ಧ ಶೇಕಡಾ ಏರಿದರೂ ಎಷ್ಟು ಊರುಗಳ ದವಾಖಾನೆಗೆ ಔಷಧಿ ತಪ್ಪುತ್ತದೆ ಎಂಬ ಲೆಕ್ಕ ಅವನ ತಲೆಯಲ್ಲಿ ತಾನಾಗಿ ಓಡಿತು. ಅವನು ಅದನ್ನು ಅಲ್ಲೇ ನಿಲ್ಲಿಸಿದ. ಒಂದು ವಾರದಲ್ಲಿ ಹಣ ಮತ್ತೆ ಕಳಿಸುತ್ತಾರೆ, ದೇಶ ಸುಧಾರಿಸಿಕೊಳ್ಳುತ್ತದೆ, ಅವಳು ಸುಧಾರಿಸಿಕೊಳ್ಳುವುದಿಲ್ಲ ಎಂದು ಸಮಾಧಾನ ಹೇಳಿಕೊಂಡ.

ತಾನು ಎಚ್ಚರಿಸಿದ್ದೆ ಎಂಬುದಕ್ಕೆ ಸಾಕ್ಷಿ ಬೇಕಿತ್ತು. ಅದಕ್ಕಾಗಿ ಅವನು ಒಂದು ಟಿಪ್ಪಣಿ ಬರೆದ. ಅಷ್ಟು ಸ್ಪಷ್ಟವಾದ ಟಿಪ್ಪಣಿಯನ್ನು ಅವನು ಜನ್ಮದಲ್ಲಿ ಬರೆದಿರಲಿಲ್ಲ. ಖಾತೆ ಬದಲಾಗಿದೆ, ಬದಲಿಸದಿದ್ದರೆ ಹಣ ಮುಟ್ಟುವುದಿಲ್ಲ, ಪರಿಣಾಮ ಘೋರ ಎಂದು ಮಗುವಿಗೂ ಅರ್ಥವಾಗುವ ಹಾಗೆ ಬರೆದು ಕೆಳಗೆ ತನ್ನ ಹೆಸರು ಹಾಕಿದ. ಮೇಡಂ ಮಂತ್ರಿಗಳಲ್ಲಿಗೆ ಹೊರಟು ಬಾಗಿಲಲ್ಲಿ ನಿಂತಿದ್ದ ಹೊತ್ತು ನೋಡಿ, ಇತರ ಕಾಗದಗಳ ನಡುವೆ ಅದನ್ನು ಸೇರಿಸಿ ಮುಂದೆ ಹಿಡಿದ.

"ಏನಪ್ಪಾ ಇದು, ಬೆಟ್ಟ ಹೊತ್ಕೊಂಡು ಬಂದಿದ್ದೀಯ?" ಎಂದಳು ಅವಳು, ಬ್ಯಾಗು ಹೆಗಲಿಗೇರಿಸುತ್ತ.

"ಮಾಮೂಲಿ ಮೇಡಂ. ನೋಡಿದ್ದೀನಿ ಅಂತ ಒಂದು ಸಹಿ ಹಾಕಿದ್ರೆ ಸಾಕು."

"ಓದಬೇಕಾದ್ದು ಏನಾದ್ರೂ ಇದೆಯಾ?"

"ಇದ್ರೆ ನಾನು ಹೇಳ್ತಿರಲಿಲ್ವಾ?"

"ಅದೂ ನಿಜವೇ. ನಿನ್ನ ನಂಬದೆ ಇನ್ಯಾರನ್ನ ನಂಬಲಿ ಕಸಿನ್," ಎಂದು ಅವಳು ನಿಂತಲ್ಲೇ ಒಂದರ ಮೇಲೊಂದು ಸಹಿ ಹಾಕಿಕೊಟ್ಟಳು.

ಉಳಿದದ್ದು ಒಂದೇ ಸಂಗತಿ. ಲಂಡನ್ನಿನವರು ಚುರುಕು ಜನ. ಗಡುವಿನ ಬೆಳಿಗ್ಗೆ ಹಣ ಹಳೆಯ ಖಾತೆಗೆ ಹೋದದ್ದು ಕಂಡರೆ ಫೋನ್ ಮಾಡುತ್ತಾರೆ, ಅದೇ ದಿನ ತಿದ್ದಲೂಬಹುದು. ಅವರು ಮಾಡುವುದು ಮುನ್ಸಾಕಾನ ಫೋನಿಗೇ, ಇಷ್ಟು ವರ್ಷ ಅವರ ಜೊತೆ ಮಾತಾಡಿದವನು ಅವನೇ. ಆದ್ದರಿಂದ ಅವನು ಶುಕ್ರವಾರಕ್ಕೂ ಗಡುವಿನ ದಿನವಾದ ಸೋಮವಾರಕ್ಕೂ ರಜೆ ಬರೆದುಕೊಟ್ಟ. ಊರಿನಲ್ಲಿ ಅಣ್ಣನ ದನಗಳಿಗೆ ಉಣ್ಣಿ ಹುಳದ ಔಷಧಿ ಹಾಕಿಸುವುದಿದೆ ಎಂದ. ಮೊಂಜೆಯಾಚೆ ಅಣ್ಣನ ತೋಟದಲ್ಲಿ ಫೋನ್ ಸಿಗುವುದಿಲ್ಲ ಎಂದರೆ ಯಾರಾದರೂ ನಂಬುತ್ತಾರೆ.

ಗುರುವಾರ ಸಂಜೆ ನಾಲುಕುಯಿ ತಾನಾಗಿ ಅವನ ಕೋಣೆಗೆ ಬಂದಳು. ಅಂದು ಅವಳ ಮುಖದಲ್ಲಿ ಏನೋ ಲವಲವಿಕೆ.

"ಹೋಗಿ ಬಾ, ದನಕ್ಕೆಲ್ಲ ನಾನು ಕೇಳಿದೆ ಅಂತ ಹೇಳು. ಅವಕ್ಕೆ ನಿನಗಿಂತ ಬುದ್ಧಿ ಜಾಸ್ತಿ."

"ಹೇಳ್ತೀನಿ ಮೇಡಂ. ಮೀನಿನ ವಾಸನೆಯವರು ಕೇಳಿದ್ರು ಅಂತೀನಿ."

ಅವಳು ಬಾಗಿಲವರೆಗೆ ಹೋಗಿ ತಿರುಗಿ ನಿಂತಳು. "ಸೋಮವಾರದ ಬಡ್ಡಿ ಎಲ್ಲ ಸರಿಯಿದೆ ತಾನೇ?"

"ನಾನಿದ್ದೀನಲ್ಲ ಮೇಡಂ."

"ಅಷ್ಟು ಸಾಕು," ಎಂದು ಹೋದಳು. ಎಷ್ಟು ಸುಲಭ ಎಂದುಕೊಂಡ ಅವನು. ಬಸ್ಸು ಹತ್ತಿದಾಗ ಫೋನ್ ಆಫ್ ಮಾಡಿ ಚೀಲದ ತಳಕ್ಕೆ ಹಾಕಿದ.

ತೋಟದಲ್ಲಿ ಆ ದಿನಗಳು ಸೊಗಸಾಗಿ ಕಳೆದವು. ಅಣ್ಣನ ಜೊತೆ ದನಗಳನ್ನು ಔಷಧಿಯ ತೊಟ್ಟಿಗೆ ಇಳಿಸಿ ಹತ್ತಿಸಿದ. ಹುಳಿಹಾಲು ಸುರಿದುಕೊಂಡು ಮೆಕ್ಕೆಜೋಳದ ಮುದ್ದೆ ನ್ಶಿಮಾ ಉಂಡ. ಭಾನುವಾರ ಮಧ್ಯಾಹ್ನ ಮಾವಿನ ಮರದ ಕೆಳಗೆ ನೆಲಗಡಲೆ ಸುಲಿಯುತ್ತ ಕೂತಿದ್ದ ಅಮ್ಮ ಇದ್ದಕ್ಕಿದ್ದಂತೆ ಕೇಳಿದಳು.

"ಆ ಲೋಜಿ ಹೆಂಗಸು ಹೇಗಿದ್ದಾಳೋ?"

"ಚೆನ್ನಾಗೇ ಇದ್ದಾಳೆ. ಯಾಕೆ?"

"ಒಂದ್ಸಲ ಕರ್ಕೊಂಡು ಬಾ. ನಿಮ್ಮಪ್ಪ ಹೋದಾಗ ಎಲ್ಲರೂ ನನ್ನ ಮುಂದೆ ಅಳೋರೇ. ನಗಿಸಿದೋಳು ಅವಳೊಬ್ಬಳು. ರಾತ್ರಿಯೆಲ್ಲ ಕೂತು ಪಾತ್ರೆ ತೊಳೆದಳು, ಗೊತ್ತಾ ನಿಂಗೆ?"

ಅವನಿಗೆ ಗೊತ್ತಿರಲಿಲ್ಲ. ಒಂದು ಕ್ಷಣ ಅವನ ಕೈ ಕಡಲೆಯ ಮೇಲೆ ನಿಂತಿತು. ಚೀಲದ ತಳದ ಫೋನು ನೆನಪಾಯಿತು. ಇನ್ನೂ ಒಂದು ದಿನವಿದೆ. ಆಮೇಲೆ ಮಂತ್ರಿಗಳ ಮುಂದೆ ಎದ್ದ ಆ ನಗು ಕಿವಿಯಲ್ಲಿ ಕೇಳಿಸಿತು. ಅವನು ಕಡಲೆಯನ್ನು ಒಡೆದು ಬಾಯಿಗೆ ಹಾಕಿಕೊಂಡ.

ಸೋಮವಾರ ಸಂಜೆ ರೇಡಿಯೋದಲ್ಲಿ ಸುದ್ದಿ ಬಂತು. ಬಡ್ಡಿ ಲಂಡನ್ನಿಗೆ ಮುಟ್ಟಿಲ್ಲ, ದೇಶದ ನಾಣ್ಯ ಕ್ವಾಚಾದ ಬೆಲೆ ಕುಸಿದಿದೆ, ತನಿಖೆಗೆ ಅಪ್ಪಣೆಯಾಗಿದೆ. ಮಂಗಳವಾರ ಲುಸಾಕಾಕ್ಕೆ ಮರಳುವ ಬಸ್ಸಿನಲ್ಲಿ ಅದೇ ಮಾತು.

"ಸರಕಾರಕ್ಕೆ ಸಾಲ ಕೊಡೋರು ಯಾರಪ್ಪಾ? ನಂಗೂ ವಿಳಾಸ ಕೊಡಿ," ಎಂದ ಕೋಳಿಬುಟ್ಟಿ ತೊಡೆಯ ಮೇಲಿಟ್ಟುಕೊಂಡಿದ್ದವನು.

"ನೀನು ಕಟ್ಟದಿದ್ರೆ ಕೋಳಿ ಹಿಡ್ಕೊಂಡು ಹೋಗ್ತಾರೆ. ಸರಕಾರ ಕಟ್ಟದಿದ್ರೆ ನಮ್ಮ ಕೋಳಿನೇ ಹಿಡ್ಕೊಂಡು ಹೋಗ್ತಾರೆ," ಎಂದಳು ಪಕ್ಕದವಳು. "ಆ ಕಚೇರಿಯೋರ್ನ ಜೈಲಿಗೆ ಹಾಕ್ಬೇಕು."

"ಹಾಕ್ತಾರಮ್ಮ," ಎಂದ ಮುನ್ಸಾಕಾ. ಅವನ ದನಿಯಲ್ಲಿ ಎಷ್ಟು ಮಮತೆಯಿತ್ತೆಂದರೆ ಅವಳು ಒಮ್ಮೆ ತಿರುಗಿ ನೋಡಿದಳು.

ಅವನು ಬಸ್‌ಸ್ಟ್ಯಾಂಡಿನಿಂದ ನೇರ ಕಚೇರಿಗೆ ಹೋದ. ಮೊಗಸಾಲೆಯಲ್ಲಿ ಅವನನ್ನು ಕಂಡವರು ಕಣ್ಣು ತಗ್ಗಿಸಿ ದಾರಿ ಬಿಟ್ಟರು. ನಿರ್ದೇಶಕರ ಬಾಗಿಲು ತೆರೆದಿತ್ತು. ನಾಲುಕುಯಿಯ ಹೆಸರಿನ ಫಲಕ ಕಿತ್ತಿದ್ದರು, ಮೇಜು ಬರಿದಾಗಿತ್ತು, ಗೋಡೆಯ ಮೇಲಿದ್ದ ಅವಳ ದೋಣಿಯ ಚಿತ್ರವೂ ಇರಲಿಲ್ಲ. ಇಷ್ಟು ಬೇಗ! ಅವನಿಗೆ ಮೈಯೆಲ್ಲ ಬೆಚ್ಚಗಾಯಿತು. ಆ ಬಾಗಿಲಲ್ಲಿ ಒಂದು ಗಳಿಗೆ ನಿಂತು ಮುಖಕ್ಕೆ ಬೇಕಾದಷ್ಟು ದುಃಖ ತಂದುಕೊಂಡು ಸಭೆಯ ಕೋಣೆಗೆ ನಡೆದ.

ಒಳಗೆ ಇಲಾಖೆಯ ಕಾರ್ಯದರ್ಶಿ ಕಪಾಸಾ ಕೂತಿದ್ದರು. ಪಕ್ಕದಲ್ಲಿ ತನಿಖಾ ಅಧಿಕಾರಿ, ಟೈ ಬಿಗಿದ ತೆಳ್ಳನೆಯ ಮನುಷ್ಯ. ಮೇಡಂ ಇರಲಿಲ್ಲ. ಠಾಣೆಯಲ್ಲೇ ಇರಬೇಕು ಎಂದುಕೊಂಡ. ಅವಳ ಮುಖ ನೋಡುವ ಸುಖವೊಂದು ತಪ್ಪಿತು.

"ನಿಮಗೆ ಇದರ ಬಗ್ಗೆ ಏನು ಗೊತ್ತು?" ಎಂದ ಅಧಿಕಾರಿ.

ಮುನ್ಸಾಕಾ ಟಿಪ್ಪಣಿಯ ಪ್ರತಿಯನ್ನು ಮೇಜಿನ ಮೇಲಿಟ್ಟ. "ಇದು ನಾನು ಬರೆದದ್ದು ಸರ್. ಗಡುವಿಗೆ ಮೊದಲೇ."

ಅಧಿಕಾರಿ ನಿಧಾನವಾಗಿ ಓದಿದ. "ಅಂದ್ರೆ ಖಾತೆ ಬದಲಾಗಿದ್ದು ನಿಮಗೆ ಚೆನ್ನಾಗಿ ಗೊತ್ತಿತ್ತು."

"ಚೆನ್ನಾಗಿ ಗೊತ್ತಿತ್ತು."

"ಬದಲಿಸದಿದ್ರೆ ಹಣ ಮುಟ್ಟಲ್ಲ ಅನ್ನೋದೂ?"

"ಅದನ್ನೇ ಬರೆದಿದ್ದೀನಲ್ಲ ಸರ್."

"ಬದಲಿಸೋ ಅಧಿಕಾರ ಇದ್ದದ್ದು ಯಾರಿಗೆ?"

"ನಿರ್ದೇಶಕರಿಗೆ. ಬೇರೆ ಯಾರಿಗೂ ಇಲ್ಲ."

"ಮುನ್ಸಾಕಾ," ಎಂದರು ಕಪಾಸಾ, ಬೇಡಿಕೊಳ್ಳುವ ದನಿಯಲ್ಲಿ, "ಸ್ವಲ್ಪ ಯೋಚನೆ ಮಾಡಿ ಮಾತಾಡಿ. ಕೆಲಸದ ಒತ್ತಡ, ಮರೆವು, ಏನಾದ್ರೂ ಇರಬಹುದಲ್ಲ?"

ಅವಳನ್ನು ಉಳಿಸಲು ನೋಡುತ್ತಿದ್ದಾರೆ. ಮುನ್ಸಾಕಾನ ಸಹನೆ ಅಲ್ಲಿಗೆ ಮುಗಿಯಿತು. "ಇಲ್ಲ ಸರ್. ಮರೆವು ಅಲ್ಲ ಇದು. ಇಂಥ ದಿನದಲ್ಲಿ ಎಚ್ಚರವಾಗಿರದ ನಿರ್ದೇಶಕರಿಗೆ ಯಾವ ಕ್ಷಮೆಯೂ ಇರಬಾರದು. ಬಡವರ ಔಷಧಿ ಹಣ ಸರ್ ಅದು. ಸೋಮವಾರ ಆ ಕುರ್ಚಿಯಲ್ಲಿ ಇದ್ದವರನ್ನ ಕಾಯ್ದೆ ಪ್ರಕಾರ ಜೈಲಿಗೆ ಹಾಕ್ಬೇಕು. ಬೇಕಾದ್ರೆ ಬರೆದುಕೊಡ್ತೀನಿ."

"ಬರೆದುಕೊಡಿ," ಎಂದ ಅಧಿಕಾರಿ. ಅವನು ಬರೆದು, ಓದಿ, ಸಹಿ ಹಾಕಿದ.

ಕಪಾಸಾ ಕನ್ನಡಕ ತೆಗೆದು ಕಣ್ಣುಜ್ಜಿಕೊಂಡರು. "ನಾಲುಕುಯಿ ದೇಶ ಬಿಟ್ಟು ಅಬಿಜಾನ್‌ಗೆ ಹೋದ್ರು ಮುನ್ಸಾಕಾ. ಅಲ್ಲಿನ ಬ್ಯಾಂಕಲ್ಲಿ ಕೆಲಸ ಸಿಕ್ಕಿ ತಿಂಗಳ ಮೇಲಾಗಿತ್ತು. ಆ ಟೊಂಗಾನ್ನ ನನ್ನ ಕುರ್ಚಿಗೆ ಕೂರಿಸೋವರೆಗೂ ನಾನು ಹೋಗಲ್ಲ ಅಂತ ಮಂತ್ರಿಗಳ ಹತ್ರ ಹಟ ಹಿಡಿದು ಕೂತಿದ್ರು. ಶುಕ್ರವಾರ ಬೆಳಿಗ್ಗೆ ಆದೇಶಕ್ಕೆ ಸಹಿ ಬಿತ್ತು, ಆ ಗಳಿಗೆಯಿಂದಲೇ ಜಾರಿ. ಸಿಹಿಸುದ್ದಿ ಹೇಳೋಕೆ ಅಂತ ಅವರೂ ಮಾಡಿದ್ರು, ನಾನೂ ಮಾಡಿದೆ, ನಿಮ್ಮ ಫೋನು ಮಾತ್ರ ಸಿಗಲೇ ಇಲ್ಲ." ಅವರು ಅವನು ಈಗಷ್ಟೇ ಸಹಿ ಹಾಕಿದ ಹಾಳೆಯನ್ನು ಅಧಿಕಾರಿಯ ಕಡೆ ಮೆಲ್ಲನೆ ತಳ್ಳಿದರು. "ಸೋಮವಾರ ನಿರ್ದೇಶಕರು ನೀವೇ."