ಸಾವಿರಕ್ಕೂ ಒಂದು ಅಂಕ

ನನ್ನ ಕೀ ಆನ್ಸರ್‌ನಲ್ಲಿ ಇದುವರೆಗೆ ಯಾರೂ ತಪ್ಪು ಹುಡುಕಿರಲಿಲ್ಲ. ಆ ಹೆಮ್ಮೆ ನನಗಿತ್ತು, ಮುಚ್ಚಿಡುವುದೇಕೆ? ಹಾಗಿರುವಾಗ ಡಿಪ್ಲೊಮಾ ಮೌಲ್ಯಮಾಪನದ ಮೂರನೇ ದಿನ ಸಹ ಪರೀಕ್ಷಕ ಅಮರೇಶ್, ನಾನು ಮರುಪರಿಶೀಲಿಸಿದ್ದ ಒಂದು ಉತ್ತರಪತ್ರಿಕೆ ಹಿಡಿದು ನನ್ನ ಮೇಜಿನ ಮುಂದೆ ಬಂದು ನಿಂತರು.

“ಮಾಲವಿಕಾ ಮೇಡಂ, ನಾನು ಕೊಟ್ಟ ಅಂಕಾನ ಯಾಕೆ ಹೊಡೆದುಹಾಕಿದ್ರಿ?”

“ಒಂದು ಕಿಲೋಬೈಟ್ ಅಂದ್ರೆ ಸಾವಿರದ ಇಪ್ಪತ್ನಾಲ್ಕು ಬೈಟ್. ಇಲ್ಲಿ ಬರೀ ಸಾವಿರ ಅಂತ ಬರೆದಿದೆ.”

“ಕಿಲೋ ಅಂದ್ರೆ ಸಾವಿರಾನೇ ಅಲ್ವಾ? ನಿಮ್ಮ ಲೆಕ್ಕಕ್ಕೆ ಕಿಬಿಬೈಟ್ ಅಂತ ಬೇರೆ ಹೆಸರೇ ಕೊಟ್ಟು ಇಪ್ಪತ್ತೈದು ವರ್ಷದ ಮೇಲಾಯ್ತು.”

“ಪಠ್ಯಪುಸ್ತಕದಲ್ಲಿ ಹಾಗಿಲ್ಲ.”

“ಪುಸ್ತಕಾನೂ ತಪ್ಪಲ್ಲ ಕಣ್ರೀ, ಅದು ಹಳೇ ರೂಢಿ. ಎರಡಕ್ಕೂ ಅಂಕ ಕೊಡಿ ಅಂತಿದ್ದೀನಿ, ಅಷ್ಟೇ.”

ಎರಡು ದಿನದಿಂದ ಕ್ಯಾಂಟೀನಿನಿಂದ ನನಗೂ ಸೇರಿಸಿ ಕಾಫಿ ತರುತ್ತಿದ್ದ ಮನುಷ್ಯ ಇವರು. ಲೋಟ ಕೊಡುವಾಗ ಒಂದು ಕ್ಷಣ ಹೆಚ್ಚೇ ನೋಡುತ್ತಿದ್ದರು. ನಾನೂ ಕಂಡೂ ಕಾಣದಂತೆ ನೋಡುತ್ತಿದ್ದೆ. ಅದಕ್ಕೇ ಏನೋ, ಇವರ ಮಾತಿಗೆ ಮೈ ಇನ್ನಷ್ಟು ಉರಿಯಿತು.

ಮುಖ್ಯ ಪರೀಕ್ಷಕರಾದ ರುದ್ರಸ್ವಾಮಿ ಸರ್ ಎದ್ದು ಬಂದರು. “ಕೀ ಬರೆದೋರು ಮಾಲವಿಕಾ. ಅವರು ಕೀ ತಿದ್ದಿದ್ರೆ ಸರಿ, ಇಲ್ದಿದ್ರೆ ಅಂಕ ತೆಗೆದಿದ್ದಕ್ಕೆ ನೀವು ಸಹಿ ಹಾಕಿ ಅಮರೇಶ್.”

“ಹಾಕಲ್ಲ ಸರ್.”

“ಹಾಗಾದ್ರೆ ನಾಳೆ ನಿಮ್ಮ ಕಾಲೇಜಿಗೆ ಕಾಗದ ಹೋಗುತ್ತೆ.”

ಅಮರೇಶ್ ಅತಿಥಿ ಉಪನ್ಯಾಸಕರು. ಆ ಕಾಗದ ಹೋದರೆ ಮುಂದಿನ ವರ್ಷ ಕೆಲಸವಿಲ್ಲ. ಅದು ಅವರಿಗೂ ಗೊತ್ತಿತ್ತು. ಆದರೂ ನನ್ನ ಕಡೆ ತಿರುಗಿ ಗೋಗರೆಯಲಿಲ್ಲ, ಹೋಗಿ ಮುಂದಿನ ಪತ್ರಿಕೆ ಬಿಡಿಸಿದರು.

ಸಂಜೆ ವಿದ್ಯಾರಣ್ಯಪುರಂನ ಮನೆಗೆ ಬಂದವಳು ಊಟವನ್ನೂ ನೆಟ್ಟಗೆ ಮಾಡಲಿಲ್ಲ. ಒಂದು ಟಿಬಿ ಹಾರ್ಡ್ ಡಿಸ್ಕ್ ಕಂಪ್ಯೂಟರಿನಲ್ಲಿ ೯೩೧ ಜಿಬಿ ಎಂದು ಯಾಕೆ ತೋರಿಸುತ್ತದೆ ಎಂದು ಪ್ರತಿ ವರ್ಷ ಪಾಠ ಮಾಡುವವಳು ನಾನು. ತಯಾರಿಸಿದವರು ಸಾವಿರದ ಲೆಕ್ಕದಲ್ಲಿ ಎಣಿಸುತ್ತಾರೆ, ಕಂಪ್ಯೂಟರ್ ಸಾವಿರದ ಇಪ್ಪತ್ನಾಲ್ಕರ ಲೆಕ್ಕದಲ್ಲಿ ಎಣಿಸುತ್ತದೆ, ಇಬ್ಬರೂ ಸುಳ್ಳು ಹೇಳುತ್ತಿಲ್ಲ ಎಂದು ತರಗತಿಯಲ್ಲಿ ನಾನೇ ಹೇಳಿದ್ದೇನೆ. ಕೀ ನನ್ನದು ಎಂಬ ಜಂಬದಲ್ಲಿ ಅದೂ ಮರೆತುಹೋಗಿತ್ತು. ನನಗೆ ನಾಚಿಕೆಯಾಯಿತು.

ಬೆಳಿಗ್ಗೆ ನಲವತ್ತು ಜನ ಪರೀಕ್ಷಕರ ಎದುರು ಎದ್ದು ನಿಂತೆ.

“ನನ್ನ ಕೀಯಲ್ಲಿ ಒಂದು ಉತ್ತರ ಬಿಟ್ಟುಹೋಗಿದೆ. ಸಾವಿರ ಅಂತ ಬರೆದವರಿಗೂ ಅಂಕ ಕೊಡಬೇಕು. ತಪ್ಪು ನಂದು.”

ಮುಗಿಸಿದ ಬಂಡಲ್‌ಗಳನ್ನೆಲ್ಲ ಮತ್ತೆ ಬಿಚ್ಚಬೇಕಲ್ಲ ಎಂದು ಹಿಂದಿನಿಂದ ಯಾರೋ ಗೊಣಗಿದರು. ರುದ್ರಸ್ವಾಮಿ ಸರ್ ತಿದ್ದಿದ ಕೀಗೆ ನನ್ನ ಸಹಿ ತೆಗೆದುಕೊಂಡರು. ಅಮರೇಶ್ ತಮ್ಮ ಕುರ್ಚಿ ಎತ್ತಿಕೊಂಡು ಬಂದು ನನ್ನ ಪಕ್ಕದಲ್ಲೇ ಹಾಕಿದರು.

“ಗೆದ್ದೆ ಅಂತ ಬೀಗೋಕೆ ಬಂದ್ರಾ?” ಎಂದೆ.

“ಇಲ್ಲ. ಕೆಲಸ ಉಳೀತು ಅನ್ನೋ ಖುಷಿಗಿಂತ ನಿಮ್ಮನ್ನ ನೋಡಿ ಹೆಮ್ಮೆ ಜಾಸ್ತಿ ಆಯ್ತು. ಅದನ್ನ ಹೇಳೋಕೆ ಬಂದೆ.”

ನಾನು ಬಂಡಲ್‌ನ ದಾರ ಬಿಚ್ಚುತ್ತಿದ್ದೆ. ಗಂಟು ಬೇಕೆಂದೇ ಸತಾಯಿಸಿತು. ಅವರು ಬಗ್ಗಿ ಬಿಡಿಸಿಕೊಟ್ಟರು, ಆಮೇಲೆ ದನಿ ತಗ್ಗಿಸಿದರು.

“ಇನ್ನೊಂದು ಮಾತಿದೆ. ನಿಮ್ಮ ಜೊತೆ ಜೀವನ ಪೂರ್ತಿ ಹೀಗೇ ಜಗಳ ಆಡ್ಬೇಕು ಅಂತ ಆಸೆ. ಒಪ್ತೀರಾ?”

ಪಕ್ಕದ ಮೇಜಿನಲ್ಲಿ ಇನ್ನೊಬ್ಬ ಪರೀಕ್ಷಕಿ ವಾಣಿಯ ಕೆಂಪು ಪೆನ್ನು ನಿಂತೇಹೋಯಿತು. ತಪ್ಪನ್ನೇ ಎಲ್ಲರೆದುರು ಒಪ್ಪಿಕೊಂಡವಳು ಇದನ್ನು ಪಿಸುಗುಟ್ಟುತ್ತೇನೆಯೇ?

“ಒಪ್ಪಿದ್ದೀನಿ ಅಮರೇಶ್,” ಎಂದೆ, ಇಡೀ ಹಾಲ್‌ಗೆ ಕೇಳುವಂತೆ.